ಅಂಕಪಟ್ಟಿಯಲ್ಲಿ ಕಾಣದ ಕಲಿಕೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಉಂಡೆ ಕೊಬ್ಬರಿಗೆಂದು ಇಟ್ಟ ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲೇ ಇರುತ್ತದೆ. ಒಳಗೆ ಒಣಗಿತೋ ಇಲ್ಲವೋ ಎಂದು ತಿಳಿಯಲು ಅಲುಗಾಡಿಸಿ ಸದ್ದು ಕೇಳುತ್ತಾರೆ, ಹೊರಗಿನ ಬಣ್ಣ ನೋಡಿ ಯಾರೂ ಹೇಳೋದಿಲ್ಲ. ಅದೇ ಊರುಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳ ವಿಷಯ ಬಂದರೆ ಮಾತ್ರ ‘ಎಷ್ಟು ಪರ್ಸೆಂಟ್?’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕರಾವಳಿಯ ನಮ್ಮ ಮನೆಗಳಲ್ಲೂ ಕತೆ ಬೇರೆಯಲ್ಲ.

ಆ ಪರ್ಸೆಂಟನ್ನು ಎಷ್ಟು ನಂಬಬಹುದು? 2023ರಲ್ಲಿ ಎಸೆಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕುಸಿಯಿತೇ? ಇಲ್ಲ, ಅಳೆಯುವ ಕೋಲು ಬದಲಾಯಿತು. ಪದವಿಯಲ್ಲೂ ಅಷ್ಟೇ. 2021ರಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ನಾಲ್ಕು ವರ್ಷದ ಪದವಿ, 100ರಲ್ಲಿ 40 ಇಂಟರ್ನಲ್ ಅಂಕ ಬಂದವು. 2024ರಲ್ಲಿ ಮತ್ತೆ ಮೂರು ವರ್ಷ. ಇಂಟರ್ನಲ್ ಅಂಕ ಎಷ್ಟೋ ಕಡೆ ಹಾಜರಿ, ಅಸೈನ್‌ಮೆಂಟ್, ಉಪನ್ಯಾಸಕರ ದಯೆ ಸೇರಿದ ಕಲಸುಮೇಲೋಗರ.

ಇನ್ನೊಂದು ಅನ್ಯಾಯವಿದೆ. 92 ತಂದು ಸೇರಿದವಳು 90 ತೆಗೆದರೆ ಕಾಲೇಜಿನ ಫ್ಲೆಕ್ಸ್‌ನಲ್ಲಿ ಅವಳ ಫೋಟೊ. ಕನ್ನಡ ಮಾಧ್ಯಮದಿಂದ ಬಂದು, ಇಂಗ್ಲಿಷ್ ಪುಸ್ತಕ ಕಂಡು ಬೆದರಿ, 35ರಿಂದ 48ಕ್ಕೆ ಏರಿದ ಹುಡುಗನನ್ನು ಕೇಳುವವರೇ ಇಲ್ಲ. ಆದರೆ ಕಾಲೇಜು ನಿಜವಾಗಿ ಕಲಿಸಿದ್ದು ಆ 13 ಅಂಕಗಳಷ್ಟನ್ನು. ಕೇಂದ್ರದ ಅಲ್ಪಸಂಖ್ಯಾತ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮವೂ ಹಿಂದಿನ ಪರೀಕ್ಷೆಯಲ್ಲಿ ಶೇ. 50 ಕೇಳುತ್ತಿತ್ತು. 48ರವನು ಹೊರಗೆ. ಓದು ಬಿಟ್ಟು ಅಂಗಡಿಗೆ ಸೇರುವುದು ಇಂಥವರೇ.

ಅಳೆಯುವುದು ಅಷ್ಟೇನೂ ಕಷ್ಟವಲ್ಲ. 2025ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲ್‌ಗೆ 12,100 ರೂ. ಬೆಂಬಲ ಬೆಲೆ ಇತ್ತು, ಮಾರುಕಟ್ಟೆ ದರ ಅದಕ್ಕಿಂತ ಬಹಳ ಮೇಲಿತ್ತು. ಸಾಲದ ಬಡ್ಡಿ ಕಟ್ಟುವ ರೈತ ಈಗಲೇ ಮಾರಬೇಕೋ, ಎರಡು ತಿಂಗಳು ಕಾಯಬೇಕೋ? ಈ ಪ್ರಶ್ನೆಯನ್ನು ಬಿ.ಕಾಂ. ಮಕ್ಕಳಿಗೆ ಮೊದಲ ವಾರ ಕೊಡಲಿ, ಸಂಖ್ಯೆ ಬದಲಿಸಿ ವರ್ಷದ ಕೊನೆಗೆ ಮತ್ತೆ ಕೊಡಲಿ. ಎರಡೂ ಉತ್ತರಗಳ ನಡುವಿನ ದೂರವೇ ಬೆಳವಣಿಗೆ. ಇದನ್ನು ಗೈಡ್ ನೋಡಿ ಬಾಯಿಪಾಠ ಮಾಡಲಾಗದು.

ಮನೆಯವರಿಗೂ ಒಂದು ಹಕ್ಕಿದೆ. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಮಾಹಿತಿ ಹಕ್ಕಿನಡಿ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಪೋಷಕರ ಸಭೆಗೆ ಹೋದಾಗ ಅಂಕದ ಜೊತೆಗೆ ಆ ಪತ್ರಿಕೆಯನ್ನೂ ಕೇಳಿ. ಇಂಗ್ಲಿಷ್ ಬಾರದ ಉಮ್ಮನಿಗೂ ಖಾಲಿ ಬಿಟ್ಟ ಪುಟ ಕಾಣುತ್ತದೆ.