ರಾಜನ ಜೋಡಿ ಕೆಳಗಿಡುವ ಹೊತ್ತು
ರಮ್ಮಿಯಲ್ಲಿ ಎಲೆ ಕೆಟ್ಟರೆ ಮೊದಲೇ ಡ್ರಾಪ್ ಮಾಡಿ 20 ಪಾಯಿಂಟಿಗೆ ಪಾರಾಗುವುದು ಹಲಸೂರಿನ ಯಾವ ಇಸ್ಪೀಟು ಪಟುವಿಗೂ ಗೊತ್ತು. ನೋ-ಲಿಮಿಟ್ ಪೋಕರಿನ ಸಂಕಟವೇ ಬೇರೆ, ಅಲ್ಲಿ ಒಳ್ಳೆಯ ಎಲೆಯನ್ನೇ ಬಿಡಬೇಕು. ಕೈಯಲ್ಲಿ ಎರಡು ರಾಜ. ಮೇಜಿನ ಮೊದಲ ಮೂರು ಎಲೆಗಳಲ್ಲೇ ಎಕ್ಕ. ಸಂಜೆಯೆಲ್ಲ ತೆಪ್ಪಗಿದ್ದ ಆಸಾಮಿ 6000 ರೂಪಾಯಿಯ ರಾಶಿಗೆ ಇನ್ನೂ 6000 ತಳ್ಳುತ್ತಾನೆ. ಮೂರರಲ್ಲೊಂದು ಸಲ ಗೆಲ್ಲುವಂತಿದ್ದರೆ ಕಾಲ್ ಮಾಡಬಹುದು. ಅವನಲ್ಲಿ ಎಕ್ಕವಿದ್ದರೆ ನಿಮಗೆ ಮೂರನೆಯ ರಾಜ ಬರುವ ಸಾಧ್ಯತೆ ಶೇ. 9ರೊಳಗೆ. ಲೆಕ್ಕ ಸುಲಭ, ಕೈ ಬಿಡಲೊಲ್ಲದು! ಪೋಕರ್ ಉದ್ಯಮಕ್ಕೂ ಇಲ್ಲಿ ಒಳ್ಳೆಯ ಎಲೆಗಳೇ ಇದ್ದವು: ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಡವೆಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತ್ತು, ಆನ್‌ಲೈನ್ ಆಟದ ಮೇಲಿನ ರಾಜ್ಯದ ನಿಷೇಧವನ್ನೂ 2022ರಲ್ಲಿ ರದ್ದುಪಡಿಸಿತ್ತು. 2025ರ ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು ಕಾಯ್ದೆ ತಂದಾಗ ದೊಡ್ಡ ಕಂಪನಿಗಳು ಹಣದಾಟ ಮುಚ್ಚಿದವು. ರಮ್ಮಿ, ಪೋಕರ್ ಆಡಿಸುತ್ತಿದ್ದ ಎ23 ಆ್ಯಪ್ ನಡೆಸುವ ಕಂಪನಿ ಮಾತ್ರ ಅದೇ ಹೈಕೋರ್ಟಿನ ಮೆಟ್ಟಿಲೇರಿತು.