ಕೈಗೆ ಇಳಿದ ಅರಿವೇ ಕಾಯಕ

ಅರಿವು ತಲೆಯಲ್ಲಿದ್ದರೆ ಸಾಲದು, ಕೈಗೂ ಇಳಿಯಬೇಕು. ಹನ್ನೆರಡನೆಯ ಶತಮಾನದ ಶರಣರು ಇದನ್ನು ಬದುಕಿ ತೋರಿಸಿದರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೇದಾರ ಕೇತಯ್ಯನವರು ಬುಟ್ಟಿ ಹೆಣೆದರು. ಅವರ ಅನುಭಾವಕ್ಕೂ ಕಸುಬಿಗೂ ನಡುವೆ ಗೋಡೆಯಿರಲಿಲ್ಲ.

ಇಂದು ಹಳ್ಳಿಗಳಲ್ಲಿ ಆ ಗೋಡೆ ಎದ್ದಿದೆ. ಓದಿದ ಮಗನಿಗೆ ಹೊಲದ ಕೆಲಸ ಬಾರದು. ಕೆಲಸ ಬಲ್ಲ ತಂದೆಗೆ ಹೊಸ ತಿಳಿವಳಿಕೆ ದೊರಕದು.

1952ರ ಗಾಂಧಿ ಜಯಂತಿಯಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಅಂದಿನ ಗ್ರಾಮಸೇವಕರನ್ನು ಹಿರಿಯರು ಮರೆತಿರಲಾರರು. ಊರಿನವರೇ ಊರನ್ನು ಕಟ್ಟಿಕೊಳ್ಳಬೇಕೆಂಬುದು ಅದರ ಆಶಯ. ಆದರೆ ಜನ ತಾವಾಗಿ ಮುಂದೆ ಬರಲಿಲ್ಲವೆಂಬ ಕೊರತೆಯನ್ನು 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಎತ್ತಿ ಹೇಳಿತು. ಕಲಿಸುವವರು ಬಂದರೂ ಕಲಿತದ್ದನ್ನು ಊರು ತನ್ನದಾಗಿಸಿಕೊಳ್ಳದಿದ್ದರೆ ಫಲವಿಲ್ಲ.

ಹಿರಿಯೂರಿನ ಮಗ್ಗುಲಲ್ಲೇ ಬಬ್ಬೂರು ಫಾರಂ ಇದೆ. ಅಲ್ಲಿನ ಕೃಷಿ ವಿಜ್ಞಾನ ಕೇಂದ್ರವಿರುವುದೇ ರೈತರಿಗೆ, ಮಹಿಳೆಯರಿಗೆ, ಯುವಕರಿಗೆ ಕೆಲಸ ಮಾಡಿಸಿ ಕಲಿಸಲಿಕ್ಕೆ. ಮಣ್ಣು ಪರೀಕ್ಷೆಯ ಮಾತನ್ನೇ ನೋಡಿ. ರಾಗಿ, ಜೋಳದ ಹೊಲವಾದರೆ ಎಂಟು ಹತ್ತು ಕಡೆ ಕಸ ಸರಿಸಿ, ಆರು ಅಂಗುಲ ಆಳದ ಗುಂಡಿ ತೆಗೆದು, ಬದಿಯ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಕೆರೆದು, ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಬೇಕು. ತಿಪ್ಪೆಯ ಬಳಿ, ಬದುವಿನ ಪಕ್ಕ ತೆಗೆದ ಮಣ್ಣು ಸುಳ್ಳು ಹೇಳುತ್ತದೆ. ಇದನ್ನು ನೂರು ಸಲ ಕೇಳುವುದಕ್ಕಿಂತ ಒಮ್ಮೆ ಗುದ್ದಲಿ ಹಿಡಿದು ಮಾಡುವುದು ಮೇಲು.

1933ರ ತರುವಾಯ 2022ರಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿದ್ದಿತು. ಕಂಡವರ ಕಣ್ಣು ತುಂಬಿತು. ಆದರೆ ತೆಂಗು ಒಣಗಿದ ವರ್ಷಗಳನ್ನೂ ಈ ಸೀಮೆ ಕಂಡಿದೆ. ನೀರು ಕೊಡುವುದು ಮಳೆರಾಯನ ಕೃಪೆ. ಹನಿಯನ್ನೂ ಹಾಳುಮಾಡದೆ ಬಳಸುವುದು ನಮ್ಮ ಕೈಯ ಜಾಣ್ಮೆ.

ತರಬೇತಿಗೆ ಹೋಗಿ, ಊಟ ಮುಗಿಸಿ, ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದರೆ ಕಲಿಕೆ ಅಲ್ಲಿಗೇ ಸತ್ತಿತು. ಅನ್ನ ದಾಸೋಹವಿದ್ದಂತೆ ವಿದ್ಯೆಯ ದಾಸೋಹವೂ ಉಂಟು. ಕಲಿತು ಬಂದವರು ಇಬ್ಬರಿಗೆ ಕಲಿಸಲಿ, ಆ ಇಬ್ಬರು ನಾಲ್ವರಿಗೆ ಕಲಿಸಲಿ. ಕಲಿತವರು ತಮ್ಮ ಹೊಲದಲ್ಲೇ ಮಾಡಿ ತೋರಿಸುವಂತೆ ಹಿರಿಯರು ಕಟ್ಟೆಯ ಮೇಲೆ ಕುಳಿತು ಕೇಳಬೇಕು. ಮಗನೊಂದಿಗೆ ಮಗಳನ್ನೂ ಸೊಸೆಯನ್ನೂ ಕಳುಹಿಸಬೇಕು. ಬಿತ್ತುವ ಬೀಜವನ್ನು ಕಾಪಿಟ್ಟವರು ಅವರೇ ಅಲ್ಲವೇ?

ಸದ್ಭಕ್ತರೇ, ಸರ್ಕಾರ ಕೇಂದ್ರವನ್ನು ಕಟ್ಟಿಸಬಹುದು. ಕಲಿಯುವ ಮನಸ್ಸನ್ನು ಕಟ್ಟಬೇಕಾದವರು ನಾವೇ. ಬಾಗಿಲ ಬಳಿಯೇ ದೀಪವಿದ್ದು ಮನೆ ಕತ್ತಲಾಗಿರುವುದು ಬೇಡ.