ಕೇಳಿದರೆ ಅವಮಾನವೇ?

ಭಾರತ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಕಳಿಸಿದ್ದನ್ನು ಪ್ರಶ್ನಿಸಿದರೆ ಮಡಿದವರಿಗೆ ಅವಮಾನ ಎಂಬ ಮಾತನ್ನು ನಾನು ಒಪ್ಪಲಾರೆ. 1987ರ ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರ್‌ನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯಲ್ಲಿ ಬದುಕುಳಿದದ್ದು ಒಬ್ಬನೇ. ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಕಾದು ಕುಳಿತಿತ್ತು. ಹಿಂದೆ ಬರಬೇಕಿದ್ದ ತುಕಡಿ ಇಳಿಯಲಾಗಲಿಲ್ಲ. ಆ ಹುಡುಗರ ಕೆಚ್ಚು ಬೇರೆ, ಅವರನ್ನು ಅಲ್ಲಿಗಿಳಿಸಿದ ನಿರ್ಧಾರ ಬೇರೆ. ಎರಡನ್ನೂ ಒಂದೇ ಬಾವುಟದಲ್ಲಿ ಸುತ್ತಬೇಡಿ. ಇಡೀ ಕಾರ್ಯಾಚರಣೆಯಲ್ಲಿ ಒಟ್ಟು ಸುಮಾರು 1,200 ಸೈನಿಕರು ಸತ್ತರು. 1990ರ ಮಾರ್ಚ್‌ನಲ್ಲಿ ಪಡೆ ಮದರಾಸಿಗೆ ಮರಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಅದು ತಪ್ಪೇ, ದೆಹಲಿಯ ಮೇಲಿನ ಸಿಟ್ಟನ್ನು ಹಡಗಿಳಿದು ಬಂದವರ ಮೇಲೆ ತೀರಿಸಬಾರದಿತ್ತು. ಆದರೆ ‘ನನ್ನ ಮಗನನ್ನು ಯಾಕೆ ಕಳಿಸಿದಿರಿ’ ಎಂದು ಕೇಳುವ ತಾಯಿಯ ಬಾಯಿ ಮುಚ್ಚಿಸುವ ಹಕ್ಕನ್ನು ನಿಮಗೆ ಯಾರು ಕೊಟ್ಟರು?